ಶಾಲೆಯ ಪ್ರತಿಜ್ಞೆ: ಅದರ ಮೂಲ ಮತ್ತು ಅರ್ಥ



ಧ್ವಜಾರೋಹಣಕ್ಕೆಂದು ಶಾಲೆಗಳಿಗೆ ತೆರಳುವ ಸದಸ್ಯರೆಲ್ಲರೂ ಮಕ್ಕಳು ಬಲಗೈ ಮುಂದೆ ಚಾಚಿ ಹೇಳುವ ರಾಷ್ಟ್ರೀಯ ಪ್ರತಿಜ್ಞೆಯನ್ನು ಕೇಳಿಯೇ ಇರುತ್ತಾರೆ. ಪಠ್ಯಪುಸ್ತಕಗಳಲ್ಲಿ ಅದು ಮುದ್ರಿತವಾಗುತ್ತ ಬಂದಿದೆ. ಬರೆದವರ ಹೆಸರು ಮಾತ್ರ ಬಹುಕಾಲ ಅಲ್ಲಿರಲಿಲ್ಲ.

ಅದನ್ನು ರಚಿಸಿದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ನಲ್ಗೊಂಡ ಜಿಲ್ಲೆಯವರು, ತೆಲುಗು ಲೇಖಕರು, ವೃತ್ತಿಯಿಂದ ಖಜಾನೆ ಅಧಿಕಾರಿ. ಬಿಲ್ಲು, ಚಲನ್‌ಗಳ ನಡುವೆ ದಿನ ಸವೆಸುವ ಕಚೇರಿಯ ವ್ಯಕ್ತಿಯೊಬ್ಬರಿಂದ ಇಂತಹ ಬರಹ ಮೂಡಿತೆಂಬುದು ಪಂಚಾಯಿತಿಗಳಿಗೂ ಹರ್ಷದ ಸಂಗತಿಯೇ ಸರಿ. ಚೀನಾದೊಡನೆ ಯುದ್ಧ ನಡೆದ 1962ರಲ್ಲಿ, ವಿಶಾಖಪಟ್ಟಣದ ಸೇವಾವಧಿಯಲ್ಲಿ, ಅವರು ಇದನ್ನು ತೆಲುಗಿನಲ್ಲಿ ಬರೆದರು. ತೆನ್ನೇಟಿ ವಿಶ್ವನಾಥಂ ಅವರ ಮೂಲಕ ಅದು ಆಂಧ್ರದ ಶಿಕ್ಷಣ ಸಚಿವ ಪಿ.ವಿ.ಜಿ. ರಾಜು ಅವರ ಕೈಸೇರಿತು. 1963ರಲ್ಲಿ ವಿಶಾಖಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳು ಅದನ್ನು ಮೊದಲು ಹೇಳಿದರು. ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ 1964ರ ಅಕ್ಟೋಬರ್‌ನಲ್ಲಿ ಸೇರಿದ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯು ದೇಶದ ಎಲ್ಲ ಶಾಲೆಗಳಲ್ಲೂ ಪ್ರತಿಜ್ಞೆಯಾಗಬೇಕೆಂದು ತೀರ್ಮಾನಿಸಿತು. ಆ ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. 1965ರ ಜನವರಿ 26ರಿಂದ ಅದು ಆಚರಣೆಗೆ ಬಂದಿತು.

ಇತರ ದೇಶಗಳಲ್ಲಿಯೂ ಇಂತಹ ಪದ್ಧತಿ ಉಂಟು. ಅಮೆರಿಕದಲ್ಲಿ ಫ್ರಾನ್ಸಿಸ್ ಬೆಲ್ಲಮಿ 1892ರಲ್ಲಿ ಬರೆದ ಪ್ರತಿಜ್ಞೆಯು ಧ್ವಜಕ್ಕೂ ಗಣರಾಜ್ಯಕ್ಕೂ ನಿಷ್ಠೆಯನ್ನು ಸಲ್ಲಿಸುತ್ತದೆ. ಅಲ್ಲಿಯೂ ಮಕ್ಕಳು ಕೈ ಚಾಚುತ್ತಿದ್ದರು. ನಾಜಿಗಳ ವಂದನೆಯನ್ನು ಅದು ಹೋಲುತ್ತಿದ್ದುದರಿಂದ 1942ರಲ್ಲಿ ಎದೆಯ ಮೇಲೆ ಕೈಯಿಡುವ ಕ್ರಮ ಬಂದಿತು. ಸುಬ್ಬರಾಯರ ಬರಹದ ದಾರಿ ಬೇರೆ. ಅದರಲ್ಲಿ ಧ್ವಜದ ಮಾತಿಲ್ಲ, ಸರ್ಕಾರದ ಮಾತೂ ಇಲ್ಲ. ಭಾರತೀಯರೆಲ್ಲರೂ ಒಡಹುಟ್ಟಿದವರೆಂಬ ಭಾವದಿಂದ ಆರಂಭವಾಗಿ, ದೇಶಕ್ಕೂ ಜನಕ್ಕೂ ನಿಷ್ಠೆಯನ್ನು ನುಡಿದು, ಅವರ ಕ್ಷೇಮದಲ್ಲಿಯೇ ತನ್ನ ಸುಖವಿದೆ ಎಂಬಲ್ಲಿ ಅದು ಮುಗಿಯುತ್ತದೆ. ಕುಡಿಯುವ ನೀರಿನ ನಲ್ಲಿ ಯಾವ ಕೇರಿಗೆ ಮೊದಲು ಹೋಗಬೇಕೆಂದು ಸಾಮಾನ್ಯ ಸಭೆಯಲ್ಲಿ ವಾದಿಸುವಾಗ, ಬಾಲ್ಯದಲ್ಲಿ ನೂರಾರು ಬಾರಿ ಉಚ್ಚರಿಸಿದ ಈ ಮಾತು ಸದಸ್ಯರನ್ನು ನೇರವಾಗಿ ಕಟ್ಟಿಹಾಕುತ್ತದೆ. ಮಕ್ಕಳಿಗಿಂತ ಹಿರಿಯರಿಗೇ ಇದು ಕಠಿಣವಾದ ಪ್ರತಿಜ್ಞೆ.

ಬಲವಂತದಿಂದ ನಿಷ್ಠೆ ಹುಟ್ಟೀತೇ ಎಂಬ ಪ್ರಶ್ನೆಯೂ ಹಳೆಯದೇ. ವಂದನೆ ಮತ್ತು ಪ್ರತಿಜ್ಞೆಗಳನ್ನು ಮಕ್ಕಳ ಮೇಲೆ ಹೇರಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1943ರಲ್ಲಿ, ಯುದ್ಧದ ನಡುವೆಯೇ, ತೀರ್ಪಿತ್ತಿತು. ನಮ್ಮಲ್ಲಿ ಈ ವಿಷಯ ರಾಷ್ಟ್ರಗೀತೆಯ ಸಂದರ್ಭದಲ್ಲಿ ಬಂದಿತು. ಧಾರ್ಮಿಕ ನಂಬಿಕೆಯ ಕಾರಣದಿಂದ ಗೀತೆಯನ್ನು ಹಾಡದೆ, ಆದರೆ ಗೌರವದಿಂದ ಎದ್ದು ನಿಲ್ಲುತ್ತಿದ್ದ ಕೇರಳದ ಮೂವರು ಮಕ್ಕಳನ್ನು 1985ರಲ್ಲಿ ಶಾಲೆಯಿಂದ ಹೊರಹಾಕಲಾಗಿತ್ತು. ಸಂವಿಧಾನದ 19 ಮತ್ತು 25ನೇ ಅನುಚ್ಛೇದಗಳನ್ನು ಆಧರಿಸಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಊರಿನ ಶಾಲೆಯಲ್ಲಿ ಮಗುವೊಂದು ಮೌನವಾಗಿ, ನೆಟ್ಟಗೆ ನಿಂತಿದ್ದ ಬಗ್ಗೆ ಯಾರಾದರೂ ದೂರು ತಂದರೆ, ಮುಖ್ಯಶಿಕ್ಷಕರ ಮೇಲೆ ಒತ್ತಡ ತರುವುದಕ್ಕೆ ಮುನ್ನ ಈ ತೀರ್ಪನ್ನು ಸದಸ್ಯರು ದೂರುದಾರರಿಗೆ ತಿಳಿಸಿಹೇಳುವುದು ಉಚಿತ.