ಆಕಾಶದಿಂದ ಬಂತು, ಗುಡ್ಡದ ಹಿಂದೆ ನಿಂತಿತು

ಒಂದು ವಿಷಯ ಹೇಳ್ತೀನಿ, ಬೆಂಗಳೂರಿನವರಿಗೆ ನಂಬೋದು ಕಷ್ಟ. ಟಿವಿ ಮೊದಲು ಬಂದಿದ್ದು ರಾಜಧಾನಿಗಲ್ಲ, ಕಲಬುರಗಿ ಸೀಮೆಗೆ.

1975ರ ಆಗಸ್ಟ್ 1. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು ಇಸ್ರೋ 'ಸೈಟ್' ಪ್ರಯೋಗ ಶುರು ಮಾಡಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕರ್ನಾಟಕದಿಂದ ಆಯ್ಕೆಯಾಗಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಊರಲ್ಲೊಂದು ತಂತಿಜಾಲರಿಯ ಮೂರು ಮೀಟರ್ ಛತ್ರಿ, ಒಂದು ಟಿವಿ. 36 ಸಾವಿರ ಕಿಲೋಮೀಟರ್ ಮೇಲಿಂದ ಕನ್ನಡದ ಕಾರ್ಯಕ್ರಮ ನೇರ ಹಳ್ಳಿಗೆ ಇಳೀತಿತ್ತು. ಮಧ್ಯೆ ಟವರೂ ಇಲ್ಲ, ಕೇಬಲ್ಲೂ ಇಲ್ಲ. 1977ರಲ್ಲಿ ಗುಲ್ಬರ್ಗದಲ್ಲೇ ದೂರದರ್ಶನ ಕೇಂದ್ರವಾಯಿತು. ಬೆಂಗಳೂರು ಕಾದಿದ್ದು 1981ರ ತನಕ!

ಈಗ ಮೊಬೈಲ್ ಕಾಲ. ಮಾತು ಗಾಳಿಯಲ್ಲೇ ಹಾರಿ ಹೋಗುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಗಾಳಿಯಲ್ಲಿ ಹೋಗೋದು ಹತ್ತಿರದ ಟವರ್ ತನಕ. ಮುಂದಿನ ದೂರದ ದಾರಿ ಹೆಚ್ಚಾಗಿ ನೆಲದಡಿಯ ಫೈಬರ್ ಕೇಬಲ್‌ನದು. ಕೂದಲೆಳೆಯಂಥ ಗಾಜು, ಅದರೊಳಗೆ ಬೆಳಕು, ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್.

ಈ ಕೇಬಲ್ ಎಲ್ಲಿ ಹೋಗುತ್ತೆ? ರೈಲು ಹಳಿ ಪಕ್ಕದ ಜಾಗ ಸಲೀಸು. 2000ದಲ್ಲಿ ಹುಟ್ಟಿದ ರೈಲ್‌ಟೆಲ್‌ಗೆ ಅದೇ ಕೆಲಸ. ವಾಡಿ ದೊಡ್ಡ ಜಂಕ್ಷನ್. ಅಲ್ಲಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲೇ ಹಳಿ ಬಿತ್ತು. ಶಹಾಬಾದ್ ಮುಂಬೈ–ಚೆನ್ನೈ ಮಾರ್ಗದಲ್ಲೇ ಇದೆ. ಚಿಂಚೋಳಿ? ಆ ಪೇಟೆಗೆ ಇವತ್ತಿಗೂ ರೈಲಿಲ್ಲ.

ಸಾಲದ್ದಕ್ಕೆ ಅಲ್ಲಿ ಗುಡ್ಡ, ಕಾಡು. ಮೊಬೈಲಿನ ಅಲೆಗಳು ಹೆಚ್ಚುಕಡಿಮೆ ನೇರ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ತಾಂಡಾಕ್ಕೆ ಸಿಗ್ನಲ್ ಸೊರಗುತ್ತೆ. ಫೈಬರ್ ಇಲ್ಲದ ಟವರು ಇನ್ನೊಂದು ಟವರಿಗೆ ಮೈಕ್ರೋವೇವ್ ಡಿಶ್ಶಿನಿಂದ ಮಾತಾಡಬೇಕು. ಅದಕ್ಕೂ ನಡುವೆ ಅಡ್ಡಿ ಇರಬಾರದು. ಕರೆಂಟ್ ಹೋಗಿ ಬ್ಯಾಟರಿ ಬತ್ತಿದರೆ ಮುಗೀತು.

ಇದೇನು ರೀಲ್ಸ್ ನೋಡೋರ ಸಮಸ್ಯೆ ಅಂದುಕೊಳ್ಳಬೇಡಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೂ ಅದು ನೆಟ್‌ವರ್ಕ್ ದಾಟಿ ಹೋಗಿ ಬರಬೇಕು. 'ಸರ್ವರ್ ಬರವಲ್ದು, ನಾಳಿ ಬಾ ಯವ್ವಾ' ಅಂದರೆ ಆ ತಾಯಿಗೆ ಒಂದು ದಿನದ ಕೂಲಿ ಖೋತಾ. ಆ ಕೂಲಿ ಯಾರು ಕೊಡ್ತಾರೆ ಸ್ವಾಮಿ?

ಪ್ರತಿ ಗ್ರಾಮ ಪಂಚಾಯಿತಿಗೆ ಫೈಬರ್ ತರೋ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ಚಿಂಚೋಳಿಯ ವೀಕ್ಷಕರೇ, ನಾಳೆ ನಿಮ್ಮ ಪಂಚಾಯಿತಿಗೆ ಹೋಗಿ. ಡಬ್ಬಿ ಕೂಡಿಸಿದ್ದೀರಾ ಅಂತ ಕೇಳಬೇಡಿ. ಅದರ ದೀಪ ಉರೀತಿದೆಯಾ, ಅಲ್ಲಿಂದ ತಾಂಡಾಕ್ಕೆ ತಂತಿ ಯಾವಾಗ ಎಳೀತೀರಿ, ಅದನ್ನ ಕೇಳಿ.