ಷರತ್ತು ಹೊತ್ತು ಬಂದ ಅವಕಾಶ



ನಾಡಿನ ಮೂಲೆಮೂಲೆಯಿಂದ ಬಂದಿರುವ ವಿಜ್ಞಾನ ವಿದ್ಯಾರ್ಥಿನಿಯರಿಗೆ ಧೈರ್ಯದಿಂದಿರಿ ಎಂದು ಹೇಳಿ ಕೂತುಬಿಡುವುದು ಅಧ್ಯಕ್ಷರಿಗೆ ಸುಲಭ. ನಾನು ಹಾಗೆ ಮಾಡಲಾರೆ. ಇದೇ ಬೆಂಗಳೂರಿನಲ್ಲಿ ತೊಂಬತ್ತು ವರ್ಷಗಳ ಹಿಂದೆ ನಡೆದ ಒಂದು ಪ್ರವೇಶದ ಪ್ರಸಂಗವನ್ನು ನಿಮ್ಮ ಮುಂದಿಡುತ್ತೇನೆ.

1933ನೇ ಇಸವಿ. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಸರ್ ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದಿದ್ದರು. ನೊಬೆಲ್ ಬಂದು ಮೂರು ವರ್ಷವಾಗಿತ್ತು. ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸಾಲಿನಲ್ಲಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ಯುವತಿ ಸಂಶೋಧನೆಗೆ ಅರ್ಜಿ ಹಾಕಿದಳು. ತಂದೆ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿದವರು. ಅರ್ಜಿ ತಿರಸ್ಕೃತವಾಯಿತು. ಅಂಕ ಕಡಿಮೆಯಾಗಿ ಅಲ್ಲ. ಅರ್ಜಿದಾರಳು ಹೆಣ್ಣು ಎಂಬ ಕಾರಣಕ್ಕೆ.

ಆಕೆ ಬೆಂಗಳೂರಿಗೇ ಬಂದಳು. ಯಾವ ನಿಯಮದ ಪ್ರಕಾರ ನನಗೆ ಪ್ರವೇಶವಿಲ್ಲ ಎಂದು ಕೇಳಿದಳು, ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕೂತಳು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತಿನ ಮೇಲೆ. ಒಂದು ವರ್ಷ ಕಾಯಂ ವಿದ್ಯಾರ್ಥಿ ಎಂದು ಪರಿಗಣಿಸುವುದಿಲ್ಲ. ಮಾರ್ಗದರ್ಶಕರು ಹೇಳಿದಾಗ, ಹೊತ್ತಲ್ಲದ ಹೊತ್ತಿನಲ್ಲೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು.

ಆ ಮೂರನೆಯ ಷರತ್ತನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರಾಮನ್ ಅವರ ವಿಜ್ಞಾನದ ಮುಂದೆ ತಲೆಬಾಗುವವಳು ನಾನು. ಆದರೂ ಅದು ಅವಮಾನವೇ. ಅರವತ್ತು ವರ್ಷ ಕಳೆದ ಮೇಲೂ ಕಮಲಾ ಅದನ್ನು ಮರೆತಿರಲಿಲ್ಲ. ತುಂಬಿದ ಸಭೆಯಲ್ಲೇ ಹೇಳಿಕೊಂಡರು.

ಹಾಗಿದ್ದೂ ಆಕೆ ಆ ಷರತ್ತುಗಳಿಗೆ ಒಪ್ಪಿ ಒಳಗೆ ಹೋದದ್ದು ಯಾವ ಬಲದಿಂದ? ಹಟವೊಂದೇ ಇದ್ದಿದ್ದರೆ ಬಾಗಿಲಿನವರೆಗೆ ತಂದು ನಿಲ್ಲಿಸುತ್ತಿತ್ತು, ಅಷ್ಟೆ. ಒಳಗಿನ ಒಂದು ವರ್ಷಕ್ಕೆ ಬೇಕಾದದ್ದು ಆಕೆಯ ಕೈಯಲ್ಲಿತ್ತು, ತಲೆಯಲ್ಲಿತ್ತು. ಶ್ರೀನಿವಾಸಯ್ಯ ಎಂಬ ಕಟ್ಟುನಿಟ್ಟಿನ ಗುರುಗಳ ಕೈಕೆಳಗೆ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸಕ್ಕಿಳಿದರು. ಬಡವರ ಮನೆಯ ಊಟದಲ್ಲಿ ಎಷ್ಟು ಸತ್ವವಿದೆ ಎಂಬ ಪ್ರಶ್ನೆ ಅದು. ವರ್ಷ ಮುಗಿಯುವ ಹೊತ್ತಿಗೆ ರಾಮನ್ ಅವರಿಗೆ ಒಪ್ಪಿಗೆಯಾಯಿತು. 1936ರಲ್ಲಿ ಎಂ.ಎಸ್ಸಿ. ಮುಗಿಯಿತು. ಮುಂದೆ ಕೇಂಬ್ರಿಡ್ಜ್‌ನಲ್ಲಿ, ವಿಟಮಿನ್ ಸಂಶೋಧನೆಗೆ ನೊಬೆಲ್ ಪಡೆದ ಹಾಪ್ಕಿನ್ಸ್ ಅವರ ವಿಭಾಗ. ಅಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಸಸ್ಯದ ಜೀವಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ನಾವು ಇಂದು ಕಮಲಾ ಸೊಹೊನಿ ಎಂದು ನೆನೆಯುವುದು ಇವರನ್ನೇ.

ಅವಕಾಶ ಅರಳಿದ ಮುಖ ಹೊತ್ತು ಬರುವುದು ಅಪರೂಪ. ಅರ್ಧ ಬಾಗಿಲು, ತಾತ್ಕಾಲಿಕ ಹುದ್ದೆ, ನಾವು ಕೇಳದ ವಿಷಯ: ಹೀಗೇ ಬರುತ್ತದೆ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದ ಅನ್ನಾ ಮಣಿ ಅವರಿಗೆ ಎಂ.ಎಸ್ಸಿ. ಇಲ್ಲವೆಂದು ಪಿಎಚ್.ಡಿ. ಸಿಗಲಿಲ್ಲ. ಭೌತಶಾಸ್ತ್ರ ಓದಬೇಕೆಂದಿದ್ದವರಿಗೆ ಲಂಡನ್ನಿನಲ್ಲಿ ಓದಲು ದೊರೆತ ವಿದ್ಯಾರ್ಥಿವೇತನ ಹವಾಮಾನ ಉಪಕರಣಗಳದ್ದು. ಅದನ್ನೇ ಹಿಡಿದು ಹೊರಟರು. 1948ರಲ್ಲಿ ಮರಳಿ ಹವಾಮಾನ ಇಲಾಖೆ ಸೇರಿ, ಆಮದು ಮಾಡುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸುವ ವ್ಯವಸ್ಥೆ ಕಟ್ಟಿದರು.

ಹಾಗಾದರೆ ಇಂದು ನಿಮ್ಮ ಸಿದ್ಧತೆ ಯಾವುದು? ರಾಯಚೂರಿನಿಂದ, ಚಾಮರಾಜನಗರದಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಶೇಷವಾಗಿ ಹೇಳುತ್ತೇನೆ. ಜಾಮ್, ಗೇಟ್, ನೆಟ್ ಪರೀಕ್ಷೆಗಳ ಗೈಡುಗಳ ಆಚೆಗೆ, ನಿಮ್ಮ ವಿಷಯದ ಮೂಲ ಸಂಶೋಧನಾ ಪ್ರಬಂಧವೊಂದನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡಾದರೂ ಪೂರ್ತಿ ಓದಿ. ಪ್ರಾಕ್ಟಿಕಲ್ ರೆಕಾರ್ಡನ್ನು ಗೆಳತಿಯ ಪುಸ್ತಕ ನೋಡಿ ಬರೆಯಬೇಡಿ. ನಿಮಗೆ ಬಂದ ತಪ್ಪು ರೀಡಿಂಗನ್ನೇ ಬರೆದು, ಅದೇಕೆ ತಪ್ಪಿತೆಂದು ಹುಡುಕಿ. ಸಂದರ್ಶನದ ದಿನ ಗಂಟಲು ಒಣಗಿದಾಗ ಕೈಹಿಡಿಯುವುದು ಹೀಗೆ ಸ್ವಂತ ಕೈಯಿಂದ ಕಲಿತದ್ದು. ಇಂಗ್ಲಿಷ್ ತಡವರಿಸಿದರೂ ವಿಷಯ ತಡವರಿಸುವುದಿಲ್ಲ.

ಷರತ್ತನ್ನೆಲ್ಲ ನುಂಗಿಕೊಳ್ಳಿ ಎಂದು ಮಾತ್ರ ನಾನು ಹೇಳುತ್ತಿಲ್ಲ. ಕಮಲಾ ಒಳಗೆ ಹೋಗುವ ಮುಂಚೆ ಪ್ರಶ್ನೆ ಕೇಳಿದ್ದರು. ಅವರ ಕೆಲಸ ಕಂಡ ಮೇಲೆ ಸಂಸ್ಥೆಯ ಬಾಗಿಲು ಉಳಿದ ಹೆಣ್ಣುಮಕ್ಕಳಿಗೂ ತೆರೆಯಿತು. ಒಬ್ಬಳು ಇಷ್ಟು ಬೆಲೆ ತೆತ್ತ ಮೇಲೆ ಇನ್ನೊಬ್ಬಳು ಅದನ್ನೇ ತೆರಬೇಕೆ?

ಆದ್ದರಿಂದ ಮುಂದಿನ ಸಾಲಿನಲ್ಲಿರುವ ಪ್ರಾಧ್ಯಾಪಕರಲ್ಲಿ, ಆಯ್ಕೆ ಸಮಿತಿಗಳಲ್ಲಿ ಕೂರುವವರಲ್ಲಿ ನನ್ನದೊಂದು ಕೋರಿಕೆ. ಮದುವೆ ಯಾವಾಗ, ಮಕ್ಕಳಾದ ಮೇಲೆ ಲ್ಯಾಬಿಗೆ ಬರುತ್ತೀಯಾ ಎಂಬ ಪ್ರಶ್ನೆಗಳು ಇಂದಿಗೂ ಕೆಲವು ಸಂದರ್ಶನಗಳಲ್ಲಿ ಕೇಳಿಬರುತ್ತವೆ. ಅವು 1933ರ ಆ ಷರತ್ತಿನ ಮೊಮ್ಮಕ್ಕಳು. ಅಂಥ ಪ್ರಶ್ನೆ ಯಾವ ಸಂಶೋಧನಾ ಪ್ರವೇಶದಲ್ಲೂ ಇರಕೂಡದು ಎಂಬ ಠರಾವನ್ನು ಸಂಜೆಯ ಅಧಿವೇಶನದಲ್ಲಿ ಮಂಡಿಸಲಿದ್ದೇನೆ. ನೀವೆಲ್ಲ ಅಲ್ಲಿಯವರೆಗೆ ಕೂತಿದ್ದು ಅದನ್ನು ಅನುಮೋದಿಸಬೇಕು.