ಸಿಂಗಪುರದ ಪತನ: ಒಂದು ವಿಚಾರಣೆ



ಸಿಂಗಪುರದ ತೋಪುಗಳೆಲ್ಲ ಕಡಲಿಗೆ ಮುಖಮಾಡಿದ್ದುವು, ಶತ್ರುವು ಹಿಂದಿನಿಂದ ಬಂದನು, ಅದರಿಂದ ಕೋಟೆಯು ಬಿದ್ದಿತು ಎಂಬ ಮಾತು ಜನರ ಬಾಯಲ್ಲಿ ಉಳಿದಿದೆ. ತೀರ್ಪಿಗೆ ಮೊದಲು ಸಾಕ್ಷ್ಯವನ್ನು ಪರಿಶೀಲಿಸುವುದು ವಕೀಲರಾದ ನಮ್ಮ ಅಭ್ಯಾಸ. ಅಲ್ಲಿದ್ದ 15 ಅಂಗುಲದ ಐದು ತೋಪುಗಳಲ್ಲಿ ಕೆಲವು ನೆಲದ ಕಡೆಗೂ ತಿರುಗಬಲ್ಲವಾಗಿದ್ದುವು. ತಿರುಗಿ ಗುಂಡನ್ನೂ ಹಾರಿಸಿದುವು. ಆದರೆ ಒದಗಿಸಿದ್ದ ಗುಂಡುಗಳು ಬಹುಮಟ್ಟಿಗೆ ಹಡಗಿನ ಉಕ್ಕಿನ ಕವಚವನ್ನು ಭೇದಿಸತಕ್ಕವು. ಚದರಿ ಬರುವ ಕಾಲಾಳುಗಳ ಮೇಲೆ ಅವುಗಳ ಪರಿಣಾಮ ಅತ್ಯಲ್ಪ. ದೋಷವು ತೋಪಿನಲ್ಲಿರಲಿಲ್ಲ, ಯೋಜನೆಯಲ್ಲಿತ್ತು.

ಆ ಯೋಜನೆಯಾದರೂ ಎಂತಹದು? 1938ರಲ್ಲಿ ಆರಂಭವಾದ ಆ ನೌಕಾನೆಲೆಯಲ್ಲಿ ದೊಡ್ಡ ನೌಕಾಪಡೆಯು ನಿಂತಿರಲಿಲ್ಲ. ಆಪತ್ತು ಬಂದಾಗ ಬ್ರಿಟನ್ನಿನಿಂದ ಯುದ್ಧನೌಕೆಗಳು ಬರತಕ್ಕದ್ದು, ಅಲ್ಲಿಯವರೆಗೆ ತೋಪುಗಳು ಬಾಗಿಲು ಕಾಯತಕ್ಕದ್ದು ಎಂಬುದೇ ಏರ್ಪಾಡು. 1937ರಲ್ಲಿ ಕಾಯುವ ಅವಧಿಯು 70 ದಿನವೆಂದಿತ್ತು. 1939ರಲ್ಲಿ ಅದು 180 ದಿನವಾಯಿತು. ಯುರೋಪಿನ ಯುದ್ಧವು ಹಡಗುಗಳನ್ನು ಹಿಡಿದಿಟ್ಟಿತು. ಕೊನೆಗೆ ಬಂದ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎಂಬೆರಡು ದೊಡ್ಡ ನೌಕೆಗಳನ್ನು 1941ನೆಯ ಡಿಸೆಂಬರ್ 10ರಂದು ಜಪಾನಿನ ವಿಮಾನಗಳು ಮುಳುಗಿಸಿದುವು.

ಇದು ಅರಿಯದೆ ಆದ ಅನರ್ಥವೇ? ಅಲ್ಲ. ಜನರಲ್ ಡಾಬಿಯವರೂ ಅವರ ಸಹಾಯಕ ಅಧಿಕಾರಿಯಾಗಿದ್ದ ಪರ್ಸಿವಲರೂ 1937ರಷ್ಟು ಹಿಂದೆಯೇ ಅಪಾಯವನ್ನು ಕಂಡಿದ್ದರು. ಶತ್ರುವು ಮಲಯದ ಪೂರ್ವ ಕರಾವಳಿಯಲ್ಲಿಳಿದು ನೆಲದ ಮಾರ್ಗವಾಗಿ ಬರಬಲ್ಲನು, ಮಳೆಗಾಲವೂ ಅವನನ್ನು ತಡೆಯಲಾರದು ಎಂಬುದು ಅವರ ಎಣಿಕೆ. ಜೋಹೋರಿನಲ್ಲಿ ತೊಡಗಿದ ರಕ್ಷಣೆಯ ಕಟ್ಟಡಗಳು ಅರ್ಧಕ್ಕೇ ನಿಂತುವು. 1941ನೆಯ ಡಿಸೆಂಬರ್ 8ರಂದು, ಮಳೆಗಾಲದಲ್ಲಿಯೇ, ಜಪಾನೀಯರು ಕೋಟಾ ಬಾರುವಿನಲ್ಲಿ ಇಳಿದರು. 1942ನೆಯ ಫೆಬ್ರವರಿ 8ರ ರಾತ್ರಿ ಜೋಹೋರ್ ಜಲಸಂಧಿಯನ್ನು ದಾಟಿದರು. ಅದೇ ತಿಂಗಳ 15ರಂದು ಶರಣಾಗತಿಗೆ ಸಹಿ ಹಾಕಿದ ಸೇನಾಪತಿಯು ಆ ಪರ್ಸಿವಲರೇ!

ಇನ್ನೊಂದು ಲೋಪವು ಇದಕ್ಕಿಂತಲೂ ದೊಡ್ಡದು. ಊರಿನ ಜನಬಲವನ್ನು ಯೋಜಕರು ಸಾಕಷ್ಟು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಚೀನೀ ನಿವಾಸಿಗಳ ಸ್ವಯಂಸೇವಕ ದಳವಾದ ಡಾಲ್‌ಫೋರ್ಸ್ ರಚಿತವಾದುದು ಯುದ್ಧವು ಮಲಯಕ್ಕೆ ಕಾಲಿಟ್ಟ ಬಳಿಕ. ಪತನದ ಅನಂತರ ಸಾವಿರಾರು ಚೀನೀಯರು ಕೊಲ್ಲಲ್ಪಟ್ಟರು. ನಮ್ಮ ದೇಶದ ಸೈನಿಕರು ಸಾವಿರಗಟ್ಟಲೆ ಸೆರೆಯಾದರು. ಯೋಜನೆಗೆ ಒಪ್ಪಿಗೆ ಕೊಟ್ಟವರು ಲಂಡನ್ನಿನಲ್ಲಿದ್ದರು. ಬೆಲೆ ತೆತ್ತವರಿಗೆ ಅದರಲ್ಲಿ ಒಂದು ಮಾತನ್ನಾಡುವ ಅಧಿಕಾರವೂ ಇರಲಿಲ್ಲ.

ಮಹಾಶಯರೇ, ಬಂದರಿಗೆ ತೋಪೂ ಬೇಕು, ನೌಕೆಯೂ ಬೇಕು. ಆದರೆ ತನ್ನ ನೆಲದ ರಕ್ಷಣೆಯನ್ನು ಕುರಿತು ಜನರೇ ಪ್ರಶ್ನೆ ಕೇಳಿ ಉತ್ತರ ಪಡೆಯಬಲ್ಲ ಆಡಳಿತವಿಲ್ಲದಿದ್ದರೆ, ಎಚ್ಚರಿಕೆಯ ಕಾಗದಗಳು ಕಪಾಟಿನಲ್ಲಿಯೇ ಉಳಿಯುವುವು. ಸಿಂಗಪುರವು ಕೊಟ್ಟ ಸಾಕ್ಷ್ಯವಿದು.